ಮಕ್ಕಳ ಜೊತೆ ಒಲಿಂಪಿಕ್ ನ್ಯಾಷನಲ್ ಪಾರ್ಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ಸುತ್ತಮುತ್ತಲಿನ ಕನ್ನಡ ಮನೆಗಳಲ್ಲಿ ಶಾಲೆಗೆ ರಜೆ ಹತ್ತಿರ ಬಂತೆಂದರೆ ಕಾಡು, ಕಡಲು, ಹಿಮದ ಬೆಟ್ಟ ಎಲ್ಲವೂ ಇರುವ ಒಲಿಂಪಿಕ್ ಪಾರ್ಕಿನ ಮಾತು ಶುರುವಾಗುತ್ತದೆ. ನಾವು ಮಗಳು ಎರಡು ವರ್ಷದವಳಿದ್ದಾಗಿನಿಂದ ಅಲ್ಲಿಗೆ ಹೋಗುತ್ತಿದ್ದೇವೆ. ಹಾಗಾಗಿ ಹುಟ್ಟುಹಬ್ಬದ ಊಟದಲ್ಲಿ, ಫೋನಿನಲ್ಲಿ, ಊರಿಂದ ಬರುವ ಪತ್ರಗಳಲ್ಲಿ ಇದರ ಬಗ್ಗೆ ನನ್ನನ್ನು ಕೇಳುವವರು ಜಾಸ್ತಿ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಇಟ್ಟಿದ್ದೇನೆ.

## ಹೊರಡುವ ಮುಂಚೆ

ಬೆಳಗ್ಗೆ ಹೊರಟು ರಾತ್ರಿ ವಾಪಸ್ ಬರಬಹುದಾ?

ಕಾಡು ಮತ್ತು ಕಡಲು ಎರಡನ್ನೂ ನೋಡಬೇಕೆಂದರೆ ಆಗುವುದಿಲ್ಲ. ನಕ್ಷೆಯಲ್ಲಿ ಪಾರ್ಕ್ ಸಿಯಾಟಲ್ ಪಕ್ಕದಲ್ಲೇ ಇದ್ದ ಹಾಗೆ ಕಾಣುತ್ತದೆ. ಆದರೆ ಅದರ ಮಧ್ಯೆ ಹಾದುಹೋಗುವ ರಸ್ತೆಯೇ ಇಲ್ಲ. ನಡುವೆ ಹಿಮದ ಬೆಟ್ಟಗಳು, 101ನೇ ಹೆದ್ದಾರಿ ಅದನ್ನು ಸುತ್ತಿಕೊಂಡು ಹೋಗುತ್ತದೆ. ಫೆರಿ ದಾಟಿ ಪೋರ್ಟ್ ಏಂಜಲೀಸ್ ಎಂಬ ಊರು ತಲುಪಲು ಎರಡೂವರೆ ಗಂಟೆ. ಅಲ್ಲಿಂದ ಹೋ (Hoh) ಎಂಬ ಮಳೆಕಾಡಿಗೆ ಇನ್ನೂ ಎರಡು ಗಂಟೆ. ಒಂದೇ ದಿನ ಸಾಕು ಅನ್ನುವವರು ಹರಿಕೇನ್ ರಿಜ್ ಎಂಬ ಬೆಟ್ಟಕ್ಕೆ ಅಥವಾ ಲೇಕ್ ಕ್ರೆಸೆಂಟ್ ಸರೋವರಕ್ಕೆ ಹೋಗಿ ಬನ್ನಿ. ಎರಡೂ ಚೆನ್ನಾಗಿವೆ. ಕಡಲನ್ನು ಮಾತ್ರ ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

ಹಾಗಾದ್ರೆ ಎಷ್ಟು ದಿನ ಇಟ್ಕೊಂಡ್ರೆ ಸಾಕು?

ಎರಡು ರಾತ್ರಿ, ಮೂರು ಹಗಲು. ಫೋರ್ಕ್ಸ್ ಊರಿನಲ್ಲಿ ಅಥವಾ ಕಲೇಲಾಕ್ ಬೀಚಿನ ಕಡೆ ಉಳಿದುಕೊಳ್ಳಿ. ದಿನಕ್ಕೆ ಒಂದು ಕಾಡು, ಒಂದು ಬೀಚ್, ಅಷ್ಟೇ. ಮೂರನೆಯದನ್ನು ಸೇರಿಸಿದ ದಿನವೆಲ್ಲ ನಮ್ಮ ಮಕ್ಕಳು ಕಾರಿನಲ್ಲಿ ಅತ್ತಿದ್ದಾರೆ. ಪಾರ್ಕ್ ಸುಮಾರು 3,700 ಚದರ ಕಿಲೋಮೀಟರ್ ಇದೆ. ಅದನ್ನು "ಮುಗಿಸಿ ಬರೋಣ" ಎಂದು ಹೊರಡಬೇಡಿ. ಮಗುವಿಗೆ ನೆನಪಿರುವುದು ನೋಡಿದ ಜಾಗಗಳ ಪಟ್ಟಿ ಅಲ್ಲ, ಒಂದು ತೊರೆಯ ಹತ್ತಿರ ಕಲ್ಲು ಜೋಡಿಸುತ್ತಾ ಕೂತ ಒಂದು ಗಂಟೆ.

ಮಳೆಕಾಡು ಅಂತಾರೆ, ನಮ್ಮ ಆಗುಂಬೆಗಿಂತ ಜಾಸ್ತಿ ಮಳೆನಾ? ಯಾವಾಗ ಹೋಗ್ಬೇಕು?

ಆಗುಂಬೆಗಿಂತ ಕಡಿಮೆ. ಹೋ ಕಾಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಬೀಳುತ್ತದೆ. ಆಗುಂಬೆಯಲ್ಲಿ ಅದರ ಎರಡರಷ್ಟು. ವ್ಯತ್ಯಾಸ ಇರುವುದು ಮಳೆ ಬರುವ ಕಾಲದಲ್ಲಿ. ನಮ್ಮ ಮಲೆನಾಡು ತೊಯ್ದು ತೊಪ್ಪೆಯಾಗುವ ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ಬಿಸಿಲು. ಇಲ್ಲಿನ ಮಳೆಗಾಲ ನವೆಂಬರ್‌ನಿಂದ ಮಾರ್ಚ್‌ವರೆಗೆ, ಅದೂ ಕೊರೆಯುವ ಚಳಿಯ ಜೊತೆ.

ಪುಟ್ಟ ಮಕ್ಕಳಿದ್ದರೆ ಜುಲೈಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಹೋಗಿ. ನನ್ನನ್ನು ಕೇಳಿದರೆ ಮೇ ತಿಂಗಳೇ ಚಂದ. ಪಾಚಿ ಹಸಿಹಸಿಯಾಗಿರುತ್ತದೆ, ಜನ ಕಡಿಮೆ, ಉತ್ತರಕ್ಕೆ ಹೊರಟ ಬೂದು ತಿಮಿಂಗಿಲಗಳು ಅದೃಷ್ಟವಿದ್ದರೆ ದಡದಿಂದಲೇ ಕಾಣುತ್ತವೆ. ಎರಡು ಜೊತೆ ಬಟ್ಟೆ ಹೆಚ್ಚಿಗೆ ಬೇಕಾಗುತ್ತದೆ, ಅಷ್ಟೇ.

ಬಟ್ಟೆ ಏನು ಹಾಕ್ಬೇಕು?

ಹತ್ತಿ ಬಟ್ಟೆ ಬೇಡ. ಒಮ್ಮೆ ನೆನೆದರೆ ಅಲ್ಲಿ ಒಣಗುವುದೇ ಇಲ್ಲ. ಒಳಗೆ ಬೆಚ್ಚನೆಯ ಫ್ಲೀಸ್, ಮೇಲೆ ನೀರು ಇಳಿಯದ ಜಾಕೆಟ್, ಕಾಲಿಗೆ ಹಿಡಿತವಿರುವ ಶೂ. ಕಾರಿನಲ್ಲಿ ಮಕ್ಕಳಿಗೆ ಇನ್ನೊಂದು ಜೊತೆ ಶೂ ಇರಲೇಬೇಕು. ಆಗಸ್ಟ್‌ನಲ್ಲೂ ಬೀಚಿನ ಗಾಳಿಗೆ ಟೊಪ್ಪಿ ಬೇಕು.

ಟಿಕೆಟ್ ಎಷ್ಟು? ಮಕ್ಕಳಿಗೂ ತಗೋಬೇಕಾ?

ತಲೆಗೆ ಲೆಕ್ಕವಲ್ಲ, ಕಾರಿಗೆ ಲೆಕ್ಕ. ಒಂದು ಕಾರಿಗೆ 30 ಡಾಲರ್, ಏಳು ದಿನ ನಡೆಯುತ್ತದೆ. ಹೊರಡುವ ಮುಂಚೆ ಪಾರ್ಕಿನ ಅಧಿಕೃತ ಜಾಲತಾಣದಲ್ಲಿ ಒಮ್ಮೆ ದರ ನೋಡಿಕೊಳ್ಳಿ. ನಿಮ್ಮ ಮಗು ಅಮೆರಿಕದಲ್ಲಿ ನಾಲ್ಕನೇ ತರಗತಿ ಓದುತ್ತಿದ್ದರೆ ಆ ವರ್ಷ ಉಚಿತ ಪಾಸ್ ಸಿಗುತ್ತದೆ. ಅದರಲ್ಲಿ ಕಾರಿನಲ್ಲಿರುವ ಮನೆಯವರೆಲ್ಲ ಒಳಗೆ ಹೋಗಬಹುದು. ಸೆಪ್ಟೆಂಬರ್‌ನಿಂದ ಮುಂದಿನ ಆಗಸ್ಟ್ ಕೊನೆಯವರೆಗೆ ಅದು ನಡೆಯುತ್ತದೆ. ಎಷ್ಟೋ ಮನೆಯವರು ಇದನ್ನು ತಿಳಿಯದೇ ಬಿಟ್ಟುಬಿಡುತ್ತಾರೆ.

ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡೋದು?

ಕಟ್ಟಿಕೊಂಡು ಹೋಗಿ. ಆ ಕಡೆ ಹೋಟೆಲು ಕಡಿಮೆ, ನಮಗೆ ಸಿಗುವುದು ಫ್ರೈಸ್, ಪಿಜ್ಜಾ ಅಷ್ಟೇ. ಮೊದಲ ದಿನಕ್ಕೆ ಪುಳಿಯೋಗರೆ, ಆಮೇಲೆ ಚಪಾತಿ, ಚಟ್ನಿಪುಡಿ, ಗೊಜ್ಜವಲಕ್ಕಿ. ಹಾಲು, ಮೊಸರು, ಹಣ್ಣು ಫೋರ್ಕ್ಸ್‌ನ ಅಂಗಡಿಯಲ್ಲಿ ಸಿಗುತ್ತದೆ. ಪೆಟ್ರೋಲನ್ನೂ ಅಲ್ಲೇ ತುಂಬಿಸಿಕೊಳ್ಳಿ. ಅಲ್ಲಿಂದ ಮುಂದೆ ಫೋನಿಗೆ ಸಿಗ್ನಲ್ ಇರುವುದಿಲ್ಲ, ಆದ್ದರಿಂದ ನಕ್ಷೆಯನ್ನು ಮೊದಲೇ ಫೋನಿನೊಳಗೆ ಇಳಿಸಿಟ್ಟುಕೊಳ್ಳಿ.

ಒಂದು ಬೇಡಿಕೆ. ಕಾಗೆಗೆ ಅನ್ನ ಇಡುವುದು ನಮ್ಮಲ್ಲಿ ಒಳ್ಳೆಯ ಅಭ್ಯಾಸ. ಇಲ್ಲಿ ಮಾತ್ರ ಒಂದು ಅಗುಳೂ ಹಾಕಬೇಡಿ. ಮನುಷ್ಯರ ತಿಂಡಿಯ ರುಚಿ ಕಂಡ ರಕೂನ್, ಜಿಂಕೆ, ಕರಡಿ ಕೊನೆಗೆ ತಾವೇ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತವೆ.

## ಕಾಡಿನಲ್ಲಿ

ಹೋ ಕಾಡಲ್ಲಿ ಬರೀ ಪಾಚಿ ಕಟ್ಟಿದ ಮರ ಅಲ್ವಾ? ಆರು ವರ್ಷದ ಮಗುಗೆ ಬೇಜಾರಾಗಲ್ವಾ?

ಸುಮ್ನೆ ನಡೆಸಿದರೆ ಬೇಜಾರಾಗುತ್ತದೆ. ಹುಡುಕಲು ಕೊಟ್ಟರೆ ಆಗುವುದಿಲ್ಲ.

ಹಾಲ್ ಆಫ್ ಮಾಸಸ್ ದಾರಿ ಒಂದು ಸುತ್ತಿಗೆ ಒಂದೂಕಾಲು ಕಿಲೋಮೀಟರ್‌ನಷ್ಟು. ದೊಡ್ಡವರು ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ, ನಮಗೆ ಎರಡು ಗಂಟೆ ಹಿಡಿಯುತ್ತದೆ. ಮೊದಲು ಮಕ್ಕಳಿಗೆ "ಸಾಲಾಗಿ ನಿಂತ ಮರ ಹುಡುಕಿ" ಎನ್ನಿ. ಯಾರೋ ದಾರ ಹಿಡಿದು ನೆಟ್ಟ ಹಾಗೆ ನಾಲ್ಕೈದು ದೊಡ್ಡ ಮರಗಳು ಒಂದೇ ಗೆರೆಯಲ್ಲಿ ಇರುತ್ತವೆ. ಯಾರೂ ನೆಟ್ಟದ್ದಲ್ಲ. ಈ ಕಾಡಿನ ನೆಲದ ತುಂಬ ಪಾಚಿ, ಜರಿಗಿಡ ಒತ್ತಾಗಿ ಹಬ್ಬಿರುವುದರಿಂದ ಪುಟ್ಟ ಸಸಿಗೆ ಅಲ್ಲಿ ಜಾಗ ಸಿಗುವುದಿಲ್ಲ. ಬಿದ್ದ ಮರದ ಬೆನ್ನ ಮೇಲೆ ಸಿಗುತ್ತದೆ. ಹಾಗಾಗಿ ಬೀಜಗಳು ಅಲ್ಲಿ ಮೊಳೆತು, ದಿಮ್ಮಿಯನ್ನು ತಬ್ಬಿಕೊಂಡು ಬೇರನ್ನು ನೆಲಕ್ಕೆ ಇಳಿಸುತ್ತವೆ. ನೂರಾರು ವರ್ಷದ ಮೇಲೆ ದಿಮ್ಮಿ ಕರಗಿಹೋಗುತ್ತದೆ. ಮರಗಳು ಬೇರಿನ ಕಾಲುಗಳ ಮೇಲೆ ನಿಂತಿರುತ್ತವೆ, ಕೆಳಗೆ ಮಗು ನುಸುಳುವಷ್ಟು ಖಾಲಿ ಜಾಗ. ಇಲ್ಲಿಯವರು ಅಂಥ ದಿಮ್ಮಿಗೆ ನರ್ಸ್ ಲಾಗ್ ಎನ್ನುತ್ತಾರೆ. ನನ್ನ ಮಗಳು ಅದನ್ನು ಅಜ್ಜಿ ಮರ ಅಂದಳು. ನಮ್ಮ ಮನೆಯಲ್ಲಿ ಈಗಲೂ ಅದೇ ಹೆಸರು.

ಆಮೇಲೆ ಬನಾನಾ ಸ್ಲಗ್ ಹುಡುಕಲಿ. ಚಿಪ್ಪಿಲ್ಲದ ಬಸವನಹುಳು, ಹಳದಿ ಹಸಿರು ಬಣ್ಣ, ಬೆರಳಿಗಿಂತ ಉದ್ದ. ಮಳೆ ಬಂದು ನಿಂತ ಬೆಳಗ್ಗೆ ದಾರಿಯಲ್ಲೇ ಇರುತ್ತವೆ, ನೋಡಿ ಕಾಲಿಡಬೇಕು.

ಸ್ವಲ್ಪ ದೊಡ್ಡ ಮಕ್ಕಳಿಗೆ ಮೇಪಲ್ ಮರಗಳ ಕಥೆ ಹೇಳಿ. ಕೊಂಬೆಯ ಮೇಲಿನ ಪಾಚಿ ದಪ್ಪಗೆ ಬೆಳೆದು ಅದರ ಕೆಳಗೆ ಮಣ್ಣೇ ಕಟ್ಟುತ್ತದೆ. ಆಗ ಮರ ತನ್ನ ಕೊಂಬೆಯಿಂದಲೇ ಬೇರು ಬಿಟ್ಟು ಆ ಮಣ್ಣಿನ ಸಾರವನ್ನು ಹೀರುತ್ತದೆ. ಇದನ್ನು ಇದೇ ಕಾಡುಗಳಲ್ಲಿ ಮರ ಹತ್ತಿ ಕಂಡುಕೊಂಡು, 1981ರಲ್ಲಿ ಜಗತ್ತಿಗೆ ಹೇಳಿದವರು ಭಾರತ ಮೂಲದ ವಿಜ್ಞಾನಿ ನಳಿನಿ ನಾಡಕರ್ಣಿ. ಆಗ ಅವರಿನ್ನೂ ವಿದ್ಯಾರ್ಥಿನಿ. ನಮ್ಮ ಹೆಣ್ಣುಮಕ್ಕಳಿಗೆ ಆ ಮರದ ಕೆಳಗೆ ನಿಲ್ಲಿಸಿಯೇ ಈ ಮಾತನ್ನು ಹೇಳಬೇಕು ಅನ್ನಿಸುತ್ತದೆ.

ಹೋ ಗೇಟಿನಲ್ಲಿ ಗಂಟೆಗಟ್ಟಲೆ ಕಾಯಿಸ್ತಾರಂತೆ, ನಿಜಾನಾ?

ಬೇಸಿಗೆಯ ಮಧ್ಯಾಹ್ನಗಳಲ್ಲಿ ನಿಜ. ಒಳಗೆ ಕಾರು ನಿಲ್ಲಿಸಲು ಇರುವ ಜಾಗ ತುಂಬಿತೆಂದರೆ ಒಂದು ಕಾರು ಹೊರಬಂದ ಮೇಲೆ ಇನ್ನೊಂದನ್ನು ಬಿಡುತ್ತಾರೆ. ಬೆಳಗ್ಗೆ ಎಂಟರೊಳಗೆ ಗೇಟಿನಲ್ಲಿರಿ, ಇಲ್ಲವೇ ಸಂಜೆ ನಾಲ್ಕರ ಮೇಲೆ ಹೋಗಿ. ಫೋರ್ಕ್ಸ್‌ನಿಂದ 50 ಕಿಲೋಮೀಟರ್. ಮಕ್ಕಳನ್ನು ಮಲಗಿದ್ದ ಬಟ್ಟೆಯಲ್ಲೇ ಕಾರಿಗೆ ಹಾಕಿಕೊಂಡು ಹೋಗಿ, ಅಲ್ಲಿ ಬಟ್ಟೆ ಬದಲಿಸಿ ತಿಂಡಿ ಕೊಡಿ. ಹೊರಡುವ ಹಿಂದಿನ ದಿನ ರಸ್ತೆ ತೆರೆದಿದೆಯಾ ಎಂದು ನೋಡುವುದನ್ನು ಮರೆಯಬೇಡಿ. 2024ರ ಡಿಸೆಂಬರ್‌ನಲ್ಲಿ ನದಿ ಆ ರಸ್ತೆಯನ್ನೇ ಕೊಚ್ಚಿಕೊಂಡು ಹೋಗಿ, ಮತ್ತೆ ತೆರೆದದ್ದು 2025ರ ಮೇ ತಿಂಗಳಲ್ಲಿ.

ಊರಿಂದ ಅಮ್ಮ ಬಂದಿದ್ದಾರೆ, ಮಂಡಿನೋವು. ಕೂಸು ಸ್ಟ್ರಾಲರ್‌ನಲ್ಲಿ. ಅವರಿಗೆ ಏನು ತೋರಿಸ್ಲಿ?

ಹೋ ವಿಸಿಟರ್ ಸೆಂಟರ್ ಪಕ್ಕದಲ್ಲೇ ಒಂದು ಪುಟ್ಟ ಸಮತಟ್ಟಾದ ಸುತ್ತುದಾರಿ ಇದೆ. ಪಾಚಿ ಮರ, ತಿಳಿ ತೊರೆ ಎಲ್ಲವೂ ಅಲ್ಲೇ ಸಿಗುತ್ತದೆ. ಹಾಲ್ ಆಫ್ ಮಾಸಸ್‌ನಲ್ಲಿ ಶುರುವಿಗೆ ಒಂದು ಏರು ಇದೆ, ಬೇರುಗಳೂ ಇವೆ. ಅಲ್ಲಿಗೆ ಸ್ಟ್ರಾಲರ್ ಬೇಡ, ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳಿ. ಕಡಲಿಗೆ ರಿಯಾಲ್ಟೋ ಬೀಚ್ ಒಳ್ಳೆಯದು. ಕಾರು ನಿಲ್ಲಿಸಿದ ಜಾಗದಿಂದ ಹತ್ತು ಹೆಜ್ಜೆಗೆ ಅಲೆಯ ಸದ್ದು. ಅಮ್ಮನಿಗೆ ಒಂದು ಮಡಚುವ ಕುರ್ಚಿ, ಶಾಲು, ಫ್ಲಾಸ್ಕಿನಲ್ಲಿ ಕಾಫಿ ಇರಲಿ. ನನ್ನ ಅತ್ತೆ ಅಲ್ಲಿ ಎರಡು ಗಂಟೆ ಕೂತು, ಎದ್ದ ಮೇಲೆ "ನಾಳೆನೂ ಇಲ್ಲಿಗೇ ಬರೋಣ" ಅಂದಿದ್ದರು.

ಕರಡಿ, ಹುಲಿ, ಚಿರತೆ ಏನಾದ್ರೂ ಇದೆಯಾ?

ಹುಲಿ, ಚಿರತೆ ಇಲ್ಲ. ಕಪ್ಪು ಕರಡಿ ಇದೆ, ಕೂಗರ್ ಎನ್ನುವ ದೊಡ್ಡ ಬೆಕ್ಕಿದೆ. ಎರಡೂ ಜನರ ಸದ್ದು ಕೇಳಿದರೆ ದೂರ ಹೋಗುತ್ತವೆ. ನಾವು ಇಷ್ಟು ವರ್ಷದಲ್ಲಿ ಕರಡಿಯನ್ನು ಎರಡು ಸಲ ದೂರದಿಂದ ನೋಡಿದ್ದೇವೆ, ಕೂಗರ್ ಒಮ್ಮೆಯೂ ಕಂಡಿಲ್ಲ. ಮಕ್ಕಳು ಮುಂದೆ ಓಡಿ ತಿರುವಿನಲ್ಲಿ ಮರೆಯಾಗದಂತೆ ನೋಡಿಕೊಳ್ಳಿ. ಅಕಸ್ಮಾತ್ ಕೂಗರ್ ಕಂಡರೆ ಓಡಬಾರದು. ಬೆನ್ನು ತೋರಿಸದೆ ಮಗುವನ್ನು ಎತ್ತಿಕೊಂಡು, ಕೈ ಎತ್ತಿ, ಜೋರಾಗಿ ಕೂಗಬೇಕು.

ನಿಜವಾಗಿ ಎಚ್ಚರ ಬೇಕಾಗಿರುವುದು ಎಲ್ಕ್ ಹತ್ತಿರ. ಕಡವೆಗಿಂತ ದೊಡ್ಡ ಪ್ರಾಣಿ, ಹಿಂಡಾಗಿ ಶಾಂತವಾಗಿ ಮೇಯುತ್ತಿರುತ್ತದೆ. ಅದಕ್ಕೇ ಜನ ಫೋಟೋಗೆಂದು ಹತ್ತಿರ ಹೋಗುತ್ತಾರೆ. ಮೇ, ಜೂನ್‌ನಲ್ಲಿ ಮರಿ ಹಾಕಿದ ತಾಯಿ, ಸೆಪ್ಟೆಂಬರ್‌ನಲ್ಲಿ ಬೆದೆಗೆ ಬಂದ ಗಂಡು ಮೇಲೆ ನುಗ್ಗಬಹುದು. 50 ಗಜ ದೂರವಿರಬೇಕು ಎಂಬುದು ಪಾರ್ಕಿನ ನಿಯಮ. ಅಂದಹಾಗೆ, 1938ರಲ್ಲಿ ಈ ಪಾರ್ಕ್ ಆಗಲು ದೊಡ್ಡ ಕಾರಣವೇ ಈ ಎಲ್ಕ್‌ಗಳನ್ನು ಉಳಿಸಬೇಕೆಂಬ ಹಂಬಲ.

## ಕಡಲ ದಡದಲ್ಲಿ

ಬೀಚ್ ಜಾಸ್ತಿ ಇವೆ, ಮಕ್ಕಳಿಗೆ ಯಾವುದು?

ಮರಳು ಬೇಕಾದರೆ ಕಲೇಲಾಕ್ ಅಥವಾ ಸೆಕೆಂಡ್ ಬೀಚ್. ಕಲೇಲಾಕ್‌ನಲ್ಲಿ ನಡಿಗೆ ಕಡಿಮೆ. ಸೆಕೆಂಡ್ ಬೀಚಿಗೆ ಕಾಡೊಳಗೆ ಒಂದು ಕಿಲೋಮೀಟರ್ ಚಿಲ್ಲರೆ ನಡೆಯಬೇಕು, ಐದಾರು ವರ್ಷದ ಮಕ್ಕಳು ನಡೆಯುತ್ತಾರೆ. ರೂಬಿ ಬೀಚ್‌ನ ಫೋಟೋಗಳು ತುಂಬ ಚಂದ, ಆದರೆ ಕೊನೆಯಲ್ಲಿ ದಿಮ್ಮಿಗಳ ರಾಶಿ ದಾಟಬೇಕು. ರಿಯಾಲ್ಟೋದಲ್ಲಿ ಮರಳಿಗಿಂತ ನುಣ್ಣನೆಯ ಕಲ್ಲೇ ಜಾಸ್ತಿ. ಅಲೆ ಹಿಂದೆ ಸರಿಯುವಾಗ ಕಲ್ಲುಗಳು ಉರುಳುವ ಸದ್ದನ್ನು ಮಕ್ಕಳು ಕಣ್ಣುಮುಚ್ಚಿ ಕೇಳುತ್ತಾರೆ. ಲಾ ಪುಷ್‌ನ ಫಸ್ಟ್ ಬೀಚ್ ಇರುವುದು ಕ್ವಿಲಿಯೂಟ್ ಎಂಬ ಮೂಲನಿವಾಸಿ ಜನರ ಊರಿನಲ್ಲಿ. ಅಲ್ಲಿ ಅವರ ನಿಯಮ ಕೇಳಿ ನಡೆದುಕೊಳ್ಳಿ.

ಗೋಕರ್ಣ, ಮಲ್ಪೆ ಥರ ಮಕ್ಕಳು ನೀರಲ್ಲಿ ಆಡಬಹುದಾ?

ಬೇಡ. ಈ ಒಂದು ಉತ್ತರವನ್ನು ದಯವಿಟ್ಟು ಮನೆಯವರೆಲ್ಲ ಓದಿ.

ನೀರು ಬೇಸಿಗೆಯಲ್ಲೂ 10ರಿಂದ 14 ಡಿಗ್ರಿ ಆಸುಪಾಸು. ಅಂಥ ನೀರಿಗೆ ಬಿದ್ದ ಕೂಡಲೇ ಉಸಿರು ಕಟ್ಟಿದ ಹಾಗಾಗುತ್ತದೆ, ಕೈಕಾಲು ಬೇಗ ಸೋಲುತ್ತದೆ. ದಡದಲ್ಲಿ ಕಾಯುವ ಲೈಫ್‌ಗಾರ್ಡ್ ಇಲ್ಲ. ಒಳಸೆಳೆತ ಜೋರು. ಹತ್ತು ಸಣ್ಣ ಅಲೆ ಬಂದ ಮೇಲೆ ಒಮ್ಮೆಲೇ ಒಂದು ದೊಡ್ಡದು ಬಂದು ದಡದ ಮೇಲಕ್ಕೆ ಏರಿಬಿಡುತ್ತದೆ.

ಎಲ್ಲಕ್ಕಿಂತ ಅಪಾಯ ಆ ಬಿಳಿ ದಿಮ್ಮಿಗಳು. ನದಿಗಳು ಕಾಡಿನಿಂದ ಹೊತ್ತು ತಂದ ದೈತ್ಯ ಮರಗಳು ದಡದ ಉದ್ದಕ್ಕೂ ಬಿದ್ದಿರುತ್ತವೆ. ಅವನ್ನು ಕಂಡರೆ ಮಕ್ಕಳಿಗೆ ಜಾರುಬಂಡೆ, ಸೇತುವೆ, ಕೋಟೆ ಎಲ್ಲ ನೆನಪಾಗುತ್ತದೆ. ಟನ್‌ಗಟ್ಟಲೆ ತೂಗುವ ಅಂಥ ದಿಮ್ಮಿಯನ್ನು ಮೊಣಕಾಲು ಮುಟ್ಟದ ನೀರು ಕೂಡ ಎತ್ತಿ ಉರುಳಿಸುತ್ತದೆ. ಇದರಿಂದ ಜನ ಸತ್ತಿದ್ದಾರೆ. ಬೋರ್ಡು ಸುಮ್ನೆ ಹಾಕಿದ್ದಲ್ಲ. ನಮ್ಮ ಮನೆಯ ನಿಯಮ ಹೀಗಿದೆ. ದಿಮ್ಮಿ ಒದ್ದೆಯಿದ್ದರೆ, ಅಥವಾ ಅದರ ಸುತ್ತಲಿನ ಮರಳು ಒದ್ದೆಯಿದ್ದರೆ ಹತ್ತುವಂತಿಲ್ಲ. ಭರತ (ಕಡಲ ನೀರಿನ ಉಬ್ಬರ) ಏರುತ್ತಿದ್ದರೆ ಒಣಗಿದ ದಿಮ್ಮಿಯೂ ಬೇಡ. ನೀರಿಗೂ ದಿಮ್ಮಿಗೂ ನಡುವೆ ಮಗು ಇರಕೂಡದು. ಸಮುದ್ರಕ್ಕೆ ಬೆನ್ನು ಹಾಕಿ ಫೋಟೋ ಇಲ್ಲ.

ಹಾಗಾದರೆ ಮಕ್ಕಳು ಏನು ಮಾಡಬೇಕು? ಬೀಚಿಗೆ ಹರಿದು ಬರುವ ಪುಟ್ಟ ತೊರೆಗಳಲ್ಲಿ ಅಣೆಕಟ್ಟು ಕಟ್ಟಲಿ. ಅದರಲ್ಲೇ ಇಡೀ ಮಧ್ಯಾಹ್ನ ಕಳೆಯುತ್ತದೆ.

ಟೈಡ್ ಟೇಬಲ್ ನೋಡಿ ಹೋಗಿ ಅಂತೀರಲ್ಲ, ಅದನ್ನ ಓದೋದು ಹೇಗೆ?

ಕಾರವಾರ, ಉಡುಪಿ ಕಡೆಯವರಿಗೆ ಭರತ, ಇಳಿತ ಗೊತ್ತಿರುತ್ತದೆ. ಬಯಲುಸೀಮೆಯಲ್ಲಿ ಹುಟ್ಟಿದ ನನಗೆ ಗೊತ್ತಿರಲಿಲ್ಲ. ಮಗಳಿಗೆ ಏಳು ವರ್ಷವಿದ್ದಾಗ ರಿಯಾಲ್ಟೋದಿಂದ ಹೋಲ್ ಇನ್ ದ ವಾಲ್ ಎಂಬ ಕಲ್ಲಿನ ಕಿಂಡಿಗೆ ಹೊರಟೆವು. ಎರಡೂವರೆ ಕಿಲೋಮೀಟರ್ ನಡಿಗೆ. ಹೋಗುವಾಗ ಅಗಲವಾದ ದಡವಿತ್ತು. ವಾಪಸ್ ಬರುವಾಗ ನೀರು ದಿಮ್ಮಿಗಳ ಬುಡಕ್ಕೆ ಬಂದಿತ್ತು. ಅಲೆ ಹಿಂದೆ ಹೋಗುವುದನ್ನು ಕಾದು, ಮಗಳನ್ನು ಎತ್ತಿಕೊಂಡು ಓಡಿ, ಮತ್ತೆ ನಿಂತು, ಹೀಗೇ ಬಂದೆವು. ಆ ನಲವತ್ತು ನಿಮಿಷ ನನಗೆ ಈಗಲೂ ಮೈ ನಡುಗಿಸುತ್ತದೆ. ಅವತ್ತಿನಿಂದ ನಾವು ಟೇಬಲ್ ನೋಡದೆ ದಡಕ್ಕೆ ಇಳಿದಿಲ್ಲ.

ಓದುವುದು ಸುಲಭ. ಅಮೆರಿಕ ಸರ್ಕಾರದ ಕಡಲು, ಹವಾಮಾನ ಸಂಸ್ಥೆ ನೋವಾ (NOAA) ಜಾಲತಾಣದಲ್ಲಿ ಲಾ ಪುಷ್ ಎಂದು ಹುಡುಕಿ. ದಿನಕ್ಕೆ ಎರಡು ಭರತ, ಎರಡು ಇಳಿತದ ಹೊತ್ತು, ಪಕ್ಕದಲ್ಲಿ ಅಡಿ ಲೆಕ್ಕದಲ್ಲಿ ಎತ್ತರ ಇರುತ್ತದೆ. ಎರಡು ಇಳಿತವೂ ಒಂದೇ ಸಮ ಇರುವುದಿಲ್ಲ, ಒಂದು ಜಾಸ್ತಿ ಕೆಳಗೆ ಹೋಗುತ್ತದೆ. ನಿಮಗೆ ಬೇಕಾದ್ದು ಅದೇ. ಸೊನ್ನೆಯ ಹತ್ತಿರ ಅಥವಾ ಮೈನಸ್ ಇದ್ದರೆ ಸಮುದ್ರದ ಜೀವಿಗಳನ್ನು ನೋಡಲು ಒಳ್ಳೆಯ ದಿನ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತವೂ ಜಾಸ್ತಿ, ಭರತವೂ ಜಾಸ್ತಿ. ಗೋಡೆಯ ಕ್ಯಾಲೆಂಡರ್ ನೋಡಿಯೇ ರಜೆಯ ವಾರ ಆರಿಸಬಹುದು. ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ದೊಡ್ಡ ಇಳಿತಗಳು ಬೆಳಗ್ಗೆಯೇ ಬರುತ್ತವೆ, ಚಳಿಗಾಲದಲ್ಲಿ ಕತ್ತಲಾದ ಮೇಲೆ.

ಇಳಿತಕ್ಕೆ ಒಂದು ಗಂಟೆ ಮುಂಚೆ ಹೋಗಿ, ಇಳಿತ ಮುಗಿದ ಅರ್ಧ ಗಂಟೆಗೆ ತಿರುಗಿ. ಮೊದಲು ಈ ಹೊತ್ತು ಬರೆದುಕೊಂಡು, ಉಳಿದ ದಿನವನ್ನು ಅದರ ಸುತ್ತ ಜೋಡಿಸಿ. ಕಾಡಿಗೆ ಯಾವ ಹೊತ್ತಾದರೂ ಆದೀತು.

ಬಂಡೆ ಸಂದಿಯ ನೀರಿನಲ್ಲಿ ಏನೇನು ಕಾಣುತ್ತೆ? ಮುಟ್ಟಬಹುದಾ?

ಕಲೇಲಾಕ್ ಹತ್ತಿರದ ಬೀಚ್ 4ಕ್ಕೆ ಹೋಗಿ. ಕೊನೆಯಲ್ಲಿ ಒಂದು ಬಂಡೆ ಇಳಿಯಬೇಕು, ಪುಟ್ಟವರನ್ನು ಎತ್ತಿ ಇಳಿಸಿ. ನೇರಳೆ ಮತ್ತು ಕಿತ್ತಳೆ ಬಣ್ಣದ ನಕ್ಷತ್ರ ಮೀನು, ಹಸಿರು ಹೂವಿನಂತೆ ಅರಳಿದ ಸೀ ಅನಿಮನಿ, ಬಂಡೆಗೆ ಅಂಟಿದ ಕಪ್ಪು ಚಿಪ್ಪುಗಳ ಹಾಸು, ಓಡಿ ಅಡಗುವ ಪುಟಾಣಿ ಏಡಿ. ಒದ್ದೆ ಮಾಡಿಕೊಂಡ ಒಂದು ಬೆರಳಿನಿಂದ ಮೆಲ್ಲಗೆ ಮುಟ್ಟಬಹುದು. ಬಂಡೆಯಿಂದ ಕೀಳಬಾರದು, ಬಕೆಟ್ಟಿಗೆ ಹಾಕಬಾರದು. ಕಾಲು ಬರಿ ಬಂಡೆಯ ಮೇಲೆ, ಜೀವದ ಮೇಲೆ ಅಲ್ಲ.

ನಕ್ಷತ್ರ ಮೀನುಗಳ ಬಗ್ಗೆ ನನಗೆ ವಿಶೇಷ ಪ್ರೀತಿ. 2013ರಿಂದ ಈ ಕರಾವಳಿಯಲ್ಲಿ ಒಂದು ರೋಗ ಬಂದು ಅವು ಕರಗಿ ಕರಗಿ ಸತ್ತವು. ವಿಬ್ರಿಯೋ ಗುಂಪಿನ ಒಂದು ಬ್ಯಾಕ್ಟೀರಿಯಾ ಇದಕ್ಕೆ ಕಾರಣ ಎಂದು ವಿಜ್ಞಾನಿಗಳು ಹೇಳಿದ್ದು 2025ರಲ್ಲಿ. ಈಗ ಬಂಡೆಯಲ್ಲಿ ಒಂದು ಕಂಡರೂ ಮಕ್ಕಳು ಎಣಿಸಿ ಬರೆದಿಟ್ಟುಕೊಳ್ಳುತ್ತಾರೆ.

ಸುನಾಮಿ ಬೋರ್ಡ್ ನೋಡಿ ಮಗ ಹೆದರಿದ. ಏನು ಹೇಳ್ಲಿ?

ನಿಜವನ್ನೇ ಹೇಳಿ. ಈ ಕರಾವಳಿಯ ಆಚೆ ಸಮುದ್ರದ ತಳದಲ್ಲಿ ಭೂಮಿಯ ಎರಡು ಫಲಕಗಳು ಒತ್ತಿಕೊಂಡಿವೆ. 1700ರ ಜನವರಿ 26ರಂದು ಅಲ್ಲಿ ಆದ ದೊಡ್ಡ ಭೂಕಂಪದ ಅಲೆ ಜಪಾನಿಗೂ ತಲುಪಿತ್ತು. ಜಪಾನಿನ ಹಳೆಯ ದಾಖಲೆಗಳಿಂದಲೇ ಈ ದಿನಾಂಕ ತಿಳಿದದ್ದು. ಮಗುವಿಗೆ ಕಲಿಸಬೇಕಾದ್ದು ಒಂದೇ: ನೆಲ ಜೋರಾಗಿ ಅಲುಗಿದರೆ, ಅಲುಗಾಟ ನಿಂತ ಮೇಲೆ ಸಾಮಾನು ಬಿಟ್ಟು, ಸೈರನ್‌ಗೆ ಕಾಯದೆ ಎತ್ತರಕ್ಕೆ ಹೋಗುವುದು. ಬೀಚಿಗೆ ಇಳಿದ ಕೂಡಲೇ "ಎತ್ತರದ ದಾರಿ ಯಾವುದು ತೋರಿಸು" ಎಂದು ಕೇಳಿ. ತೋರಿಸಿದ ಮೇಲೆ ಭಯ ಕಡಿಮೆಯಾಗುತ್ತದೆ. ಕ್ವಿಲಿಯೂಟ್ ಜನರೂ ಇದೇ ಕಾರಣಕ್ಕೆ ಊರನ್ನು ಮೇಲಕ್ಕೆ ಸಾಗಿಸುತ್ತಿದ್ದಾರೆ. 2012ರ ಒಂದು ಕಾನೂನಿನಿಂದ ಪಾರ್ಕಿನ ಎತ್ತರದ ಜಾಗ ಅವರಿಗೆ ಸಿಕ್ಕಿತು. ಅವರ ಹೊಸ ಶಾಲೆ ಈಗ ಗುಡ್ಡದ ಮೇಲಿದೆ.

## ಎರಡನೇ ಸಲ ಹೋಗುವವರಿಗೆ

ಜೂನಿಯರ್ ರೇಂಜರ್ ಅಂದ್ರೇನು?

ವಿಸಿಟರ್ ಸೆಂಟರ್‌ನಲ್ಲಿ ಮಕ್ಕಳಿಗೆ ಒಂದು ಚಟುವಟಿಕೆ ಪುಸ್ತಕ ಸಿಗುತ್ತದೆ. ತುಂಬಿಸಿ ತಂದರೆ ರೇಂಜರ್ ಅದನ್ನು ನೋಡಿ, ಮಗುವಿನಿಂದ ಪ್ರಮಾಣ ಮಾಡಿಸಿ, ಬ್ಯಾಡ್ಜ್ ಕೊಡುತ್ತಾರೆ. ಮೊದಲ ದಿನವೇ ತೆಗೆದುಕೊಳ್ಳಿ. ಉತ್ತರವನ್ನು ಕನ್ನಡದಲ್ಲಿ ಹೇಳಲು ಬಿಡಿ, ಬರೆಯುವುದು ಆಮೇಲೆ. ಮಿಲ್ಪಿಟಸ್‌ನಿಂದ ಬಂದ ನನ್ನ ಅಣ್ಣನ ಮಗ "ಜರಿಗಿಡ" ಎಂಬ ಪದವನ್ನು ಕಲಿತದ್ದು ಹೋ ಕಾಡಿನಲ್ಲಿ.

ಬೀಚಿನಲ್ಲೇ ಟೆಂಟ್ ಹಾಕಿ ಮಲಗಬಹುದಾ?

ಮೊದಲು ಕಲೇಲಾಕ್ ಅಥವಾ ಮೋರಾ ಕ್ಯಾಂಪ್‌ಗ್ರೌಂಡ್‌ನಲ್ಲಿ ಒಂದು ಸಲ ಮಲಗಿ ನೋಡಿ. ಬೇಸಿಗೆಯ ಜಾಗಗಳು ತಿಂಗಳುಗಟ್ಟಲೆ ಮುಂಚೆಯೇ ತುಂಬುತ್ತವೆ. ನಡೆದು ಹೋಗಿ ದಡದಲ್ಲಿ ಮಲಗಲು ಬೇರೆ ಪರ್ಮಿಟ್ ಬೇಕು. ತಿಂಡಿಯಷ್ಟೇ ಅಲ್ಲ, ಟೂತ್‌ಪೇಸ್ಟ್ ಕೂಡ ಗಟ್ಟಿ ಡಬ್ಬಿಯೊಳಗೆ ಇರಬೇಕು, ಇದು ಕಡ್ಡಾಯ. ಕರಡಿಗಿಂತ ರಕೂನ್‌ಗಳ ಕಾಟವೇ ಜಾಸ್ತಿ. ಎಂಟು ಹತ್ತು ವರ್ಷದ ಮಕ್ಕಳಿಗೆ ಥರ್ಡ್ ಬೀಚ್ ಸರಿಹೋಗುತ್ತದೆ, ಎರಡೂಕಾಲು ಕಿಲೋಮೀಟರ್ ನಡಿಗೆ. ರಾತ್ರಿಯ ಭರತ ಎಲ್ಲಿಯವರೆಗೆ ಬರುತ್ತದೆ ಎಂದು ಟೇಬಲ್ ನೋಡಿ, ಅದಕ್ಕಿಂತ ಮೇಲೆ ಟೆಂಟ್ ಹಾಕಿ.

ಮಗಳಿಗೆ ಹದಿಮೂರು. ಬರೀ ನೋಟ ಸಾಕಾಗಲ್ಲ, ಕಥೆ ಬೇಕು ಅಂತಾಳೆ.

ಅವಳನ್ನು ಓಝೆಟ್‌ಗೆ ಕರೆದುಕೊಂಡು ಹೋಗಿ. ಕಾಡೊಳಗೆ ಹಲಗೆ ಹಾಸಿದ ದಾರಿಯಲ್ಲಿ ಐದು ಕಿಲೋಮೀಟರ್ ಚಿಲ್ಲರೆ ನಡೆದರೆ ಕೇಪ್ ಅಲಾವಾ ಎಂಬ ಕಡಲ ದಡ. ನೆನೆದ ಹಲಗೆ ತುಂಬ ಜಾರುತ್ತದೆ, ಮೆತ್ತನೆಯ ರಬ್ಬರ್ ಸೋಲ್ ಇರಲಿ. ಇಲ್ಲಿ ಮಕಾ ಎಂಬ ಮೂಲನಿವಾಸಿ ಜನರ ಊರಿತ್ತು. ನೂರಾರು ವರ್ಷದ ಹಿಂದೆ ಗುಡ್ಡ ಕುಸಿದು ಮನೆಗಳು ಕೆಸರಿನಲ್ಲಿ ಹೂತುಹೋದವು. 1970ರಲ್ಲಿ ಬಿರುಗಾಳಿಯ ಅಲೆಗಳು ದಡ ಕೊರೆದಾಗ ಅವು ಮತ್ತೆ ಕಂಡವು. ಗಾಳಿ ತಾಗದ ಕೆಸರಿನಲ್ಲಿ ಮರದ ಪೆಟ್ಟಿಗೆ, ಬುಟ್ಟಿ, ಹಗ್ಗ ಕೂಡ ಕೊಳೆಯದೆ ಉಳಿದಿದ್ದವು. ಹನ್ನೊಂದು ವರ್ಷ ಅಗೆದರು. ಸಿಕ್ಕ 55 ಸಾವಿರಕ್ಕೂ ಜಾಸ್ತಿ ವಸ್ತುಗಳು ದೂರದ ಊರಿಗೆ ಹೋಗಲಿಲ್ಲ. ಮಕಾ ಜನ ತಮ್ಮ ನೀಯಾ ಬೇ ಊರಿನಲ್ಲೇ ಮ್ಯೂಸಿಯಂ ಕಟ್ಟಿ ಇಟ್ಟುಕೊಂಡರು. ದಡ ನೋಡಿದ ಮಾರನೇ ದಿನ ಆ ಮ್ಯೂಸಿಯಂ ನೋಡಿ.

ಇನ್ನೊಂದು ಕಥೆ ಎಲ್ವಾ ನದಿಯದು. 1913ರ ಮತ್ತು 1927ರ ಎರಡು ಅಣೆಕಟ್ಟುಗಳು ಸಾಲ್ಮನ್ ಮೀನಿನ ದಾರಿ ಕಟ್ಟಿದ್ದವು. ಅಲ್ಲಿನ ಮೂಲನಿವಾಸಿ ಕ್ಲಾಲಮ್ ಜನ ಬಹಳ ವರ್ಷ ಕೇಳಿಕೊಂಡ ಮೇಲೆ, 2011ರಿಂದ 2014ರ ನಡುವೆ ಎರಡನ್ನೂ ಒಡೆದು ತೆಗೆದರು. ಮೀನು ಮತ್ತೆ ಮೇಲೇರಿತು. ಕಟ್ಟೆಯ ಹಿಂದೆ ಕೂತಿದ್ದ ಮಣ್ಣು, ಮರಳು ಹರಿದು ಬಂದು ನದಿ ಕಡಲು ಸೇರುವ ಜಾಗದಲ್ಲಿ ಹೊಸ ದಡವೇ ಆಗಿದೆ. ಪೋರ್ಟ್ ಏಂಜಲೀಸ್‌ನಿಂದ ಸ್ವಲ್ಪವೇ ದೂರ, ವಾಪಸ್ ಬರುವ ದಿನ ದಾರಿಯಲ್ಲೇ ಸಿಗುತ್ತದೆ. ಮಧ್ಯಾಹ್ನದ ಬುತ್ತಿಯನ್ನು ಅಲ್ಲೇ ಬಿಚ್ಚಬಹುದು.